ಖಿನ್ನತೆಯ ಗುಳಿಗೆ, ರಾತ್ರಿಯ ಎಣ್ಣೆ: ಮೆಡಿಕಲ್ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ಒಂದು ಔಷಧ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಕೆಲಸ ನನ್ನದು. ಚೀಟಿ ನೋಡಿ ಗುಳಿಗೆ ಕೊಟ್ಟು, "ರಾತ್ರಿ ಊಟ ಆದಮೇಲೆ ಒಂದು" ಎಂದು ಹೇಳಿ ಮುಗಿಸುವಷ್ಟರಲ್ಲಿ ಕೆಲವರು ಹಾಗೇ ನಿಂತುಬಿಡುತ್ತಾರೆ. ಪಕ್ಕದ ಗಿರಾಕಿ ಹೋಗಲಿ ಎಂದು ಕಾಯುತ್ತಾರೆ. ಆಮೇಲೆ ದನಿ ತಗ್ಗಿಸಿ, "ಇದರ ಜೊತಿ ಸ್ವಲ್ಪ ತಗೊಂಡ್ರ ನಡೀತದೇನ್ರಿ?" ಅಂತ ಕೇಳುತ್ತಾರೆ. ಏನು ತಗೊಳ್ಳೋದು ಅಂತ ಅವರೂ ಹೇಳಲ್ಲ, ನಾನೂ ಕೇಳಲ್ಲ. ಇಬ್ಬರಿಗೂ ಗೊತ್ತಿರುತ್ತದೆ.

ನಿಂತ ಕಾಲಲ್ಲಿ ಕೊಡುವ ಉತ್ತರ ಸಾಲುವುದಿಲ್ಲ. ಅದಕ್ಕೇ ಖಿನ್ನತೆಯ ಗುಳಿಗೆ ಮತ್ತು ಎಣ್ಣೆ, ಅಂದರೆ ಮದ್ಯ, ಕೂಡಿದರೆ ಏನಾಗುತ್ತದೆ ಎಂದು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮೈ, ನಿಮ್ಮ ಲಿವರ್, ನಿಮ್ಮ ಬೇರೆ ಗುಳಿಗೆಗಳ ಲೆಕ್ಕ ನಿಮ್ಮ ಡಾಕ್ಟರಿಗೇ ಗೊತ್ತು. ಅವರನ್ನು ಏನು ಕೇಳಬೇಕು ಅನ್ನುವುದಕ್ಕಾದರೂ ಇದು ಉಪಯೋಗಕ್ಕೆ ಬರಲಿ.

ಪ್ರಶ್ನೆ: ಗುಳಿಗೆ ಮೇಲೆ ಒಂದು ನೈಂಟಿ (90 ಮಿಲಿ) ಹಾಕಿದರೆ ಏನಾಗುತ್ತದೆ?

ಬಹಳ ಮಂದಿಗೆ ಆ ರಾತ್ರಿ ದೊಡ್ಡದೇನೂ ಆಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. "ಕುಡಿದರೆ ಸತ್ತೇ ಹೋಗ್ತೀರಿ" ಎಂದು ಹೆದರಿಸಿದವರ ಮಾತು ಮೊದಲ ನೈಂಟಿಗೇ ಸುಳ್ಳಾಗುತ್ತದೆ. ಆಮೇಲೆ ಅವರು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಆಗುವುದೇನು ಅಂದರೆ, ಅಮಲು ಬೇಗ ಏರಬಹುದು. ಮಂಪರು ಜಾಸ್ತಿ. ಎದ್ದು ನಿಂತರೆ ತಲೆ ಸುತ್ತುತ್ತದೆ. ಎರಡು ಪೆಗ್ಗಿಗೇ ರಾತ್ರಿಯ ಅರ್ಧ ನೆನಪು ಹೋಯಿತು ಅನ್ನುವವರೂ ಇದ್ದಾರೆ.

ಇದಕ್ಕಿಂತ ದೊಡ್ಡ ನಷ್ಟ ಮೆಲ್ಲಗೆ ಆಗುತ್ತದೆ. ಎಣ್ಣೆ ಮೆದುಳಿನ ಕೆಲಸವನ್ನು ನಿಧಾನ ಮಾಡುವ ವಸ್ತು. ಕುಡಿದ ಒಂದೆರಡು ತಾಸು ಮನಸ್ಸು ಹಗುರ ಅನಿಸುತ್ತದೆ. ಮರುದಿನ ಎದ್ದಾಗ ಎದೆ ಡವಡವ, ಯಾರ ಮುಖ ನೋಡಿದರೂ ಸಿಟ್ಟು, ಸುಮ್ನೆ ಅಳು. ಇತ್ತ ಗುಳಿಗೆ ತನ್ನ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಪೂರ್ತಿ ಗುಣ ಕಾಣಲು ಇನ್ನೂ ಜಾಸ್ತಿ. ವಾರಕ್ಕೆ ಮೂರು ನಾಲ್ಕು ರಾತ್ರಿ ಕುಡಿದರೆ, ಹೊಲಕ್ಕೆ ನೀರು ಬಿಟ್ಟು ಇನ್ನೊಂದು ಕಡೆ ಬದು ಒಡೆದ ಹಾಗೆ.

ಎರಡು ತಿಂಗಳಾದ ಮೇಲೆ "ಈ ಗುಳಿಗಿ ಹತ್ತಲಿಲ್ರಿ" ಎಂದು ಹೊಸ ಚೀಟಿ ಹಿಡಿದು ಬರುತ್ತಾರೆ. ಡೋಸ್ ಏರಿರುತ್ತದೆ, ಇಲ್ಲವೇ ಗುಳಿಗೆ ಬದಲಾಗಿರುತ್ತದೆ. ಡಾಕ್ಟರ ಮುಂದೆ ಎಣ್ಣೆಯ ಮಾತನ್ನು ಮಾತ್ರ ಯಾರೂ ಎತ್ತಿರುವುದಿಲ್ಲ.

ಪ್ರಶ್ನೆ: ಹಾಗಾದರೆ ಪೂರ್ತಿ ಬಿಡಲೇಬೇಕಾ?

ಬಿಟ್ಟರೆ ಅತ್ಯುತ್ತಮ. ಅದರಲ್ಲೂ ಗುಳಿಗೆ ಶುರುವಾದ ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗ, ಹನಿಯೂ ಬೇಡ. ಆಗ ಮೈಗೆ ಗುಳಿಗೆ ಹೊಸದು. ವಾಕರಿಕೆ, ಕೈ ನಡುಕ, ನಿದ್ದೆ ಕೆಡುವುದು ಎಲ್ಲ ಇರುತ್ತದೆ. ಯಾವುದು ಗುಳಿಗೆಯಿಂದ, ಯಾವುದು ಎಣ್ಣೆಯಿಂದ ಅಂತ ನಿಮಗೂ ತಿಳಿಯಲ್ಲ, ಡಾಕ್ಟರಿಗೂ ತಿಳಿಯಲ್ಲ. ಮುಂದೆ ಮನಸ್ಸು ಚೇತರಿಸಿಕೊಂಡ ಮೇಲೆ ಎಂದೋ ಒಮ್ಮೆ, ಸ್ವಲ್ಪ, ಅನ್ನುವ ವಿಚಾರವನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ಗುಳಿಗೆ ನೋಡಿ, ನಿಮ್ಮ ಕುಡಿತದ ಹಳೆಯ ಚರಿತ್ರೆ ನೋಡಿ ಅವರು ಹೇಳುತ್ತಾರೆ. ಒಂದು ಪೆಗ್ಗಿಗೆ ನಿಲ್ಲುವವರಿಗೆ ಒಂದು ಉತ್ತರ. ಒಂದು ಅಂತ ಕೂತು ಬಾಟಲಿ ಮುಗಿಸುವವರಿಗೆ ಇನ್ನೊಂದು.

ಪ್ರಶ್ನೆ: ಎಲ್ಲಾ ಗುಳಿಗೆಗೂ ಒಂದೇ ಲೆಕ್ಕಾನಾ?

ಅಲ್ಲವೇ ಅಲ್ಲ. ಸ್ಟ್ರಿಪ್ ತಿರುಗಿಸಿ ನೋಡಿ. ಕಂಪನಿಯ ಹೆಸರು ದೊಡ್ಡದಾಗಿ ಇರುತ್ತದೆ. ಔಷಧದ ನಿಜವಾದ ಹೆಸರು ಅದರ ಹತ್ತಿರವೇ ಮುದ್ರಿಸಿರುತ್ತದೆ, ನಿಮಗೆ ಬೇಕಾದದ್ದು ಅದು. ಒಂದು ವಿನಂತಿ: ಗುಳಿಗೆ ಬಿಡಿಸಿಕೊಳ್ಳುವಾಗ ಹೆಸರು ಮತ್ತು ತಾರೀಖು ಇರುವ ತುದಿಯನ್ನು ಮೊದಲು ಹರಿಯಬೇಡಿ. ನಾಲ್ಕು ಗುಳಿಗೆ ಉಳಿದ, ಹೆಸರಿಲ್ಲದ ತುಂಡು ತಂದು "ಇದೇ ಕೊಡ್ರಿ" ಅಂದರೆ ನಾನು ಏನು ಕೊಡಲಿ?

ಈಗ ಜಾಸ್ತಿ ಬರೆಯುವುದು ಎಸ್ಸಿಟಲೋಪ್ರಾಮ್, ಸರ್ಟ್ರಲೀನ್, ಫ್ಲುಯೊಕ್ಸೆಟಿನ್, ಪ್ಯಾರಾಕ್ಸೆಟಿನ್. ಇವು ಎಣ್ಣೆಯ ಜೊತೆ ಸಿಡಿದೇಳುವ ಜಾತಿಯವಲ್ಲ. ಹಾಗಿದ್ದರೂ ತಯಾರಕರ ಕಾಗದದಲ್ಲಿ ಮದ್ಯ ಬೇಡ ಎಂದೇ ಬರೆದಿರುತ್ತದೆ. ಇವುಗಳ ಇನ್ನೊಂದು ಗುಣ ಬಹಳ ಮಂದಿಗೆ ಗೊತ್ತಿಲ್ಲ: ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ಸಡಿಲ ಮಾಡುತ್ತವೆ. ಎಣ್ಣೆ ಹೊಟ್ಟೆಯ ಒಳಪದರವನ್ನು ಕೆರೆಯುತ್ತದೆ. ಅದರ ಮೇಲೆ ಬೆನ್ನು ನೋವಿಗೆ ಅಂತ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ನುಂಗಿದರೆ ಹೊಟ್ಟೆಯಲ್ಲಿ ರಕ್ತ ಒಸರುವ ಸಾಧ್ಯತೆ ಏರುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ಕಾಫಿ ಪುಡಿಯಂಥದ್ದು ಕಂಡರೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ.

ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಇಮಿಪ್ರಮಿನ್, ಡೊಸುಲೆಪಿನ್: ಇವು ಹಳೆಯ ಕಾಲದ ಗುಳಿಗೆಗಳು. ಇವೇ ನಿದ್ದೆ ತರುತ್ತವೆ, ಎದ್ದಾಗ ಬಿಪಿ ಇಳಿಸುತ್ತವೆ. ಮೇಲೆ ಎಣ್ಣೆ ಬಿದ್ದರೆ ಮಂಪರು ಒಂದಕ್ಕೆರಡಲ್ಲ, ಅದಕ್ಕೂ ಮೀರುತ್ತದೆ. ಡೋಸ್ ಜಾಸ್ತಿಯಾದರೆ ಹೃದಯದ ಬಡಿತವನ್ನೇ ಕೆಡಿಸುವ ಗುಳಿಗೆಗಳಿವು. ಕುಡಿದ ಮಂಪರಿನಲ್ಲಿ "ಗುಳಿಗೆ ತಗೊಂಡೆನೋ ಇಲ್ಲವೋ" ಎಂದು ಇನ್ನೊಮ್ಮೆ ನುಂಗುವವರಿದ್ದಾರೆ. ಈ ಗುಂಪಿನಲ್ಲಿ ಅದು ಜೀವಕ್ಕೇ ಬರಬಹುದು. ಮಿರ್ಟಾಜಪಿನ್ ಕೂಡ ಗಾಢ ಮಂಪರು ತರುವುದೇ.

ಡುಲೊಕ್ಸೆಟಿನ್ ತಗೊಳ್ಳುವವರು ಜಾಸ್ತಿ ಕುಡಿದರೆ ಲಿವರಿಗೆ ಪೆಟ್ಟು. ದಿನಾ ಕುಡಿಯುವವರಿಗೆ ಅದನ್ನು ಕೊಡದೇ ಇರುವುದು ವಾಡಿಕೆ. ಆದರೆ ನೀವು ಹೇಳಿದರೆ ತಾನೆ ಡಾಕ್ಟರಿಗೆ ಗೊತ್ತಾಗೋದು!

ಬ್ಯುಪ್ರೊಪಿಯಾನ್ ವಿಚಾರದಲ್ಲಿ ಎರಡು ಮಾತಿಲ್ಲ. ಬೀಡಿ, ಗುಟ್ಕಾ ಬಿಡಿಸಲೂ ಇದನ್ನು ಕೊಡುತ್ತಾರೆ. ಇದರ ಮೇಲೆ ಕುಡಿದರೆ ಫಿಟ್ಸ್ ಬರುವ ಭಯ ಇದೆ. ದಿನಾ ಕುಡಿಯುವವರು ಇದನ್ನು ತಗೊಳ್ಳುತ್ತಾ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದರೂ ಅದೇ ಭಯ.

ಮನಸ್ಸಿನ ಅತಿಯಾದ ಏರಿಳಿತ ತಡೆಯಲು ಕೊಡುವ ಲಿಥಿಯಂ ನೇರವಾಗಿ ಈ ಗುಂಪಿನದಲ್ಲ. ಆದರೂ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಬೆವರು, ಎಣ್ಣೆ, ವಾಂತಿ ಮೂರೂ ಸೇರಿ ಮೈಯ ನೀರು ಹೋದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಿ ವಿಷವಾಗಬಹುದು.

ಪ್ರಶ್ನೆ: ನನಗೆ ಖಿನ್ನತೆ ಇಲ್ಲ. ಶುಗರ್ ಇದೆ, ಕಾಲು ಉರಿಗೆ ಗುಳಿಗೆ ಕೊಟ್ಟಿದ್ದಾರೆ. ನನಗೂ ಇದು ಅನ್ವಯಿಸುತ್ತಾ?

ಅನ್ವಯಿಸುತ್ತದೆ. ನರದ ಉರಿ, ಅರೆತಲೆನೋವು, ತುಂಬಾ ದಿನದ ಸೊಂಟನೋವಿಗೆ ಅಮಿಟ್ರಿಪ್ಟಿಲಿನ್ ಅಥವಾ ಡುಲೊಕ್ಸೆಟಿನ್ ಬರೆಯುವುದು ಬಹಳ ಸಾಮಾನ್ಯ. ಅಮಿಟ್ರಿಪ್ಟಿಲಿನ್ ಆದರೆ 10 ಮಿಲಿಗ್ರಾಂನಷ್ಟು ಚಿಕ್ಕ ಡೋಸಿನಿಂದ ಶುರುಮಾಡುತ್ತಾರೆ. ಯಾವ ರೋಗಕ್ಕೆ ಕೊಟ್ಟರು ಎಂದು ಗುಳಿಗೆಗೆ ಗೊತ್ತಿರುವುದಿಲ್ಲವಲ್ಲ. ವಯಸ್ಸಾದವರು ರಾತ್ರಿ ಮೂತ್ರಕ್ಕೆ ಎದ್ದಾಗ ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವುದು ಇಂಥ ಹೊತ್ತಲ್ಲೇ. ಶುಗರಿನ ಗುಳಿಗೆ ಅಥವಾ ಇನ್ಸುಲಿನ್ ಮೇಲೆ ಉಪವಾಸದ ಹೊಟ್ಟೆಯಲ್ಲಿ ಕುಡಿದರೆ ಶುಗರ್ ಸರ್ರನೆ ಇಳಿಯುತ್ತದೆ. ನೋಡಿದವರು "ಕುಡಿದು ಬಿದ್ದಾನ" ಎಂದು ಹಾಗೇ ಬಿಟ್ಟು ಹೋಗುತ್ತಾರೆ.

ಪ್ರಶ್ನೆ: ನಾಳೆ ಗೆಳೆಯನ ಮದುವೆ. ಇವತ್ತು, ನಾಳೆ ಗುಳಿಗೆ ಬಿಟ್ಟರೆ ಆಯ್ತಲ್ಲ?

ನನ್ನನ್ನು ಕೇಳಿದರೆ ಈ ಪುಟದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ. ಕುಡಿಯುವುದಕ್ಕಿಂತ ಹೆಚ್ಚು ಹಾಳು ಮಾಡುವುದು ಈ ಬುದ್ಧಿವಂತಿಕೆ.

ಮೊದಲನೆಯದು, ಎರಡು ದಿನ ಬಿಟ್ಟರೆ ಗುಳಿಗೆ ಮೈಯಿಂದ ಹೋಗುವುದೇ ಇಲ್ಲ. ಸರ್ಟ್ರಲೀನ್ ಅರ್ಧಕ್ಕೆ ಇಳಿಯಲು ಸುಮಾರು ಒಂದು ದಿನ ಬೇಕು. ಪೂರ್ತಿ ಖಾಲಿಯಾಗಲು ಐದಾರು ದಿನ. ಎಸ್ಸಿಟಲೋಪ್ರಾಮ್ ಕೂಡ ಹೆಚ್ಚುಕಡಿಮೆ ಹಾಗೇ. ಫ್ಲುಯೊಕ್ಸೆಟಿನ್ ಅಂತೂ ವಾರಗಟ್ಟಲೆ ಉಳಿಯುತ್ತದೆ. ಅಂದರೆ ಮದುವೆಯ ರಾತ್ರಿ ಎಣ್ಣೆಯೂ ಒಳಗಿರುತ್ತದೆ, ಗುಳಿಗೆಯೂ ಒಳಗಿರುತ್ತದೆ.

ಎರಡನೆಯದು, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಂಥ ಗುಳಿಗೆ ಒಂದೆರಡು ದಿನ ತಪ್ಪಿದರೂ ಮೈ ತಕರಾರು ತೆಗೆಯುತ್ತದೆ. ತಲೆ ತಿರುಗು, ವಾಕರಿಕೆ, ಸುಮ್ಮನೆ ಸಿಡುಕು. ತಲೆಯೊಳಗೆ ಕರೆಂಟ್ ಹೊಡೆದಂತೆ ಜುಮ್ ಅನ್ನುವುದು. ಇದನ್ನು ಕುಡಿತದ ಹ್ಯಾಂಗೋವರ್ ಅಂದುಕೊಂಡು, ಅದನ್ನಿಳಿಸಲು ಮುಂಜಾನೆಯೇ ಇನ್ನೊಂದು ನೈಂಟಿ ಹಾಕುವವರಿದ್ದಾರೆ.

ಮೂರನೆಯದು ಅಭ್ಯಾಸ. ಮದುವೆ ಒಂದೇ ಇರುವುದಿಲ್ಲ ನಮ್ಮಲ್ಲಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಅದು ಮುಗಿಯುವಷ್ಟರಲ್ಲಿ ಬಾದಾಮಿಯ ಬನಶಂಕರಿ ಜಾತ್ರೆ. ನಡುವೆ ಯಾರದೋ ನಿಶ್ಚಯ, ಯಾರದೋ ಜವಳ, ಚುನಾವಣೆ ಬಂತೆಂದರೆ ದಿನಾ ಢಾಬಾ. ಪ್ರತಿ ಸಲವೂ ಎರಡು ದಿನ ಗುಳಿಗೆ ಬಿಟ್ಟರೆ ತಿಂಗಳಲ್ಲಿ ನುಂಗಿದ್ದೆಷ್ಟು? ತಿಂಗಳಿಗೆಂದು ಮೂವತ್ತು ಗುಳಿಗೆ ಒಯ್ದವರು ಎರಡು ತಿಂಗಳಾದ ಮೇಲೆ ಬಂದು "ಇನ್ನೂ ಅದಾವ್ರಿ" ಅಂದಾಗ ನನಗೆ ಅರ್ಥವಾಗಿಬಿಡುತ್ತದೆ.

ಕುಡಿಯುವುದೇ ನಿಶ್ಚಯವಾಗಿದ್ದರೂ ಗುಳಿಗೆ ಬಿಡಬೇಡಿ. ಇದು ಖಿನ್ನತೆಯ ಗುಳಿಗೆಯ ಮಾತು. ನಿದ್ದೆ ಗುಳಿಗೆಯ ಲೆಕ್ಕ ಬೇರೆ, ಕೆಳಗೆ ಬರುತ್ತದೆ.

ಪ್ರಶ್ನೆ: ಗುಳಿಗೆ ಮುಂಜಾನೆ, ಎಣ್ಣೆ ರಾತ್ರಿ. ಎಷ್ಟು ತಾಸು ಅಂತರ ಇರಬೇಕು?

ಸುರಕ್ಷಿತ ಅಂತರ ಅಂತ ಒಂದು ಇಲ್ಲ. ದಿನಕ್ಕೊಮ್ಮೆ ನುಂಗುವ ಗುಳಿಗೆ ಇಡೀ ದಿನ ಮೈಯಲ್ಲಿ ಕೆಲಸ ಮಾಡಲಿ ಎಂದೇ ಮಾಡಿದ್ದು.

ಪ್ರಶ್ನೆ: ನಾನು ಬರೀ ಬಿಯರ್. ವೈನ್ ಆದರೆ ದ್ರಾಕ್ಷಿ ರಸ ತಾನೆ?

ದ್ರಾಕ್ಷಿ ಜಿಲ್ಲೆಯವರು ನಾವು. ತಿಕೋಟಾ, ಬಬಲೇಶ್ವರ ಕಡೆ ತೋಟ ನೋಡಿದವರಿಗೆ ವೈನ್ ಅಂದರೆ ಹಣ್ಣೇ ಅನಿಸುವುದು ಸಹಜ. ಲೆಕ್ಕ ಹಾಕೋಣ ಬನ್ನಿ.

ನಮ್ಮಲ್ಲಿ ವಿಸ್ಕಿ, ರಮ್, ಬ್ರಾಂದಿ ಸಾಮಾನ್ಯವಾಗಿ 42.8 ಶೇಕಡಾ. 30 ಮಿಲಿಯ ಒಂದು ಪೆಗ್ ಅಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಇದನ್ನೇ ಒಂದು ಅಳತೆ ಅನ್ನಿ. ನೈಂಟಿಯ ಪಾಕೀಟಿನಲ್ಲಿ ಮೂರು ಅಳತೆ. 180 ಮಿಲಿಯ ಕ್ವಾರ್ಟರಿನಲ್ಲಿ ಆರು. 650 ಮಿಲಿಯ ಬಿಯರ್ ಬಾಟಲಿ 5 ಶೇಕಡಾದ್ದಾದರೆ ಎರಡೂವರೆ ಅಳತೆ. ಅದೇ ಬಾಟಲಿ 8 ಶೇಕಡಾದ ಸ್ಟ್ರಾಂಗ್ ಆದರೆ ನಾಲ್ಕು. ಅಂದರೆ ಒಂದು ಸ್ಟ್ರಾಂಗ್ ಬಿಯರ್ ಒಂದು ನೈಂಟಿಗಿಂತ ಜಾಸ್ತಿ. "ಬರೀ ಬಿಯರ್" ಅನ್ನುವವರು ಇಲ್ಲೇ ಎಡವುವುದು. ವೈನ್ 100 ಮಿಲಿಗೆ ಸುಮಾರು ಒಂದು ಅಳತೆ. ಬೆಳಗಾವಿಯ ಗೆಳೆಯರು ಗೋವಾದಿಂದ ತರುವ ಫೆನಿಯನ್ನು ವಿಸ್ಕಿಯ ಸಾಲಿಗೇ ಸೇರಿಸಿ.

ಸಾರಾಯಿಯನ್ನು ಸರ್ಕಾರ 2007ರಲ್ಲಿ ನಿಲ್ಲಿಸಿತು. ಕದ್ದು ಕಾಯಿಸುವ ಕಂಟ್ರಿಗೆ ಅಳತೆಯೂ ಇಲ್ಲ, ಒಳಗೇನಿದೆ ಎಂಬ ಗ್ಯಾರಂಟಿಯೂ ಇಲ್ಲ. ಅದರ ಮಾತೇ ಬೇಡ.

ಹೆಂಗಸರಿಗೆ ಇದೇ ಅಳತೆ ಹೆಚ್ಚು ಏರುತ್ತದೆ. ಮೈಯಲ್ಲಿ ನೀರಿನ ಪಾಲು ಕಡಿಮೆ ಇರುವುದರಿಂದ ರಕ್ತದಲ್ಲಿ ಆಲ್ಕೋಹಾಲ್ ಮಟ್ಟ ಮೇಲೆ ಹೋಗುತ್ತದೆ. ಹೆಂಗಸರು ಕುಡಿಯುವುದೇ ಇಲ್ಲ ಎಂದು ನಾವು ನಟಿಸುವುದರಿಂದ ಅವರಿಗೆ ಈ ಮಾತನ್ನು ಯಾರೂ ಹೇಳಿರುವುದಿಲ್ಲ.

ಪ್ರಶ್ನೆ: ಕುಡಿಯದಿದ್ದರೆ ನಿದ್ದೆಯೇ ಬರಲ್ಲ. ಏನು ಮಾಡಲಿ?

ಕುಡಿದರೆ ನಿದ್ದೆ ಬೇಗ ಬರುತ್ತದೆ, ನಿಜ. ಅದು ನಿಲ್ಲುವುದಿಲ್ಲ. ರಾತ್ರಿ ಎರಡು ಮೂರು ಗಂಟೆಗೆ ಬಾಯಿ ಒಣಗಿ ಎಚ್ಚರ, ಆಮೇಲೆ ಹೊರಳಾಟ. ಖಿನ್ನತೆಯಲ್ಲಿ ನಸುಕಿನ ಹೊತ್ತೇ ಬಹಳ ಕೆಟ್ಟದು. ಅದೇ ಹೊತ್ತಿಗೆ ಎಣ್ಣೆ ನಿಮ್ಮನ್ನು ಎಬ್ಬಿಸಿ ಕೂರಿಸುತ್ತದೆ.

ಇಲ್ಲಿ ಒಂದು ಅಪಾಯ ಅಡಗಿದೆ. ಖಿನ್ನತೆಯ ಗುಳಿಗೆಯ ಜೊತೆಗೇ ಮೊದಲ ಕೆಲವು ವಾರಕ್ಕೆ ಕ್ಲೊನಾಜೆಪಾಮ್ ಅಥವಾ ಆಲ್ಪ್ರಜೊಲಾಮ್ ಎಂಬ ಚಿಕ್ಕ ನಿದ್ದೆ ಗುಳಿಗೆ ಬರೆದಿರುತ್ತಾರೆ. ಕೆಲವು ಬ್ರಾಂಡಿನಲ್ಲಿ ಎಸ್ಸಿಟಲೋಪ್ರಾಮ್, ಕ್ಲೊನಾಜೆಪಾಮ್ ಎರಡೂ ಒಂದೇ ಗುಳಿಗೆಯಲ್ಲಿ ಇರುತ್ತವೆ. ತಾವು ನಿದ್ದೆ ಗುಳಿಗೆ ನುಂಗುತ್ತಿದ್ದೇವೆ ಎಂಬುದೇ ಅಂಥವನ್ನು ತಗೊಳ್ಳುವವರಿಗೆ ಗೊತ್ತಿರಲ್ಲ. ಈ ಗುಳಿಗೆ, ಎಣ್ಣೆ ಎರಡೂ ಮೆದುಳಿನ ಒಂದೇ ಗುಂಡಿ ಒತ್ತುವವು. ಕೂಡಿದರೆ ಉಸಿರಾಟ ನಿಧಾನವಾಗುತ್ತಾ ನಿಲ್ಲಬಹುದು. ಮಲಗಿದಲ್ಲೇ ವಾಂತಿಯಾಗಿ ಶ್ವಾಸನಾಳಕ್ಕೆ ಹೋಗಬಹುದು. "ಕುಡಿದರೆ ಸಾಯ್ತಾರೆ" ಎಂಬ ಮಾತು ನಿಜವಾಗುವ ಜಾಗಗಳಲ್ಲಿ ಇದು ಮೊದಲನೆಯದು. ಕುಡಿದ ರಾತ್ರಿ ನಿದ್ದೆ ಗುಳಿಗೆ ಮುಟ್ಟಬೇಡಿ. ಎರಡೂ ಕೂಡಿರುವ ಗುಳಿಗೆಯಾದರೆ ಏನು ಮಾಡಬೇಕೆಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ದಿನಾ ಬಹಳ ದಿನದಿಂದ ಕ್ಲೊನಾಜೆಪಾಮ್ ತಗೊಳ್ಳುತ್ತಿದ್ದರೆ ಅದನ್ನೂ ತಟ್ಟನೆ ನಿಲ್ಲಿಸುವಂತಿಲ್ಲ.

ಪ್ರಶ್ನೆ: ಬೇಸರಕ್ಕೆ ಕುಡಿಯುತ್ತಿದ್ದೇನೋ, ಕುಡಿದದ್ದಕ್ಕೆ ಬೇಸರವೋ?

ಎರಡೂ ಇರಬಹುದು. ಜಾಸ್ತಿ ಕುಡಿಯುವುದರಿಂದಲೇ ಖಿನ್ನತೆ ಬರುತ್ತದೆ. ಅಂಥವರಲ್ಲಿ ಬಹಳ ಮಂದಿಗೆ ಪೂರ್ತಿ ಬಿಟ್ಟ ಮೂರು ನಾಲ್ಕು ವಾರದಲ್ಲಿ ಮನಸ್ಸು ತಾನಾಗಿ ಮೇಲೇಳುತ್ತದೆ. ಆಗಲೂ ಏಳದಿದ್ದರೆ ಖಿನ್ನತೆ ಬೇರೆಯೇ ಇದೆ ಎಂದು ಡಾಕ್ಟರ್ ಲೆಕ್ಕ ಹಾಕುತ್ತಾರೆ. ಹಾಗಂತ ಗುಳಿಗೆ ನೀವೇ ನಿಲ್ಲಿಸಿ ಪರೀಕ್ಷೆ ಮಾಡಬೇಡಿ.

ಪ್ರಶ್ನೆ: ದಿನಾ ಕ್ವಾರ್ಟರ್ ಕುಡಿಯುವವನು ನಾನು. ಗುಳಿಗೆ ಶುರುವಾದ ದಿನವೇ ಬಿಟ್ಟುಬಿಡಲಾ?

ಒಬ್ಬರೇ, ಮನೆಯಲ್ಲಿ, ಒಮ್ಮೆಲೇ ಬಿಡಬೇಡಿ. ಕೇಳಲು ವಿಚಿತ್ರ ಅನಿಸುತ್ತದೆ, ಅಲ್ವಾ? ವರ್ಷಗಟ್ಟಲೆ ದಿನಾ ಕುಡಿದ ಮೈ ಎಣ್ಣೆಗೆ ಒಗ್ಗಿಹೋಗಿರುತ್ತದೆ. ನಿಲ್ಲಿಸಿದ ಕೆಲವೇ ತಾಸಿಗೆ ಕೈ ನಡುಕ, ಬೆವರು, ವಾಂತಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿದಂತಾಗುತ್ತದೆ. "ಗ್ವಾಡಿ ಮ್ಯಾಲ ಇರುವಿ ಹರದಾಡಾಕತ್ತಾವ" ಎಂದು ಖಾಲಿ ಗೋಡೆಯನ್ನು ಒರೆಸುತ್ತಾರೆ. ತಾರೀಖು, ಊರು ಗೊತ್ತಾಗಲ್ಲ, ಜ್ವರ ಏರುತ್ತದೆ. ಮನೆಯವರು ದೆವ್ವ ಮೆಟ್ಟಿತೆಂದು ಯಾವುದೋ ಗುಡಿಗೋ ದರ್ಗಾಕ್ಕೋ ಒಯ್ಯುತ್ತಾರೆ. ಅದು ದೆವ್ವ ಅಲ್ಲ, ಆಸ್ಪತ್ರೆಯ ಕೇಸು. ತಡವಾದರೆ ಜೀವ ಹೋಗುತ್ತದೆ.

ಡಾಕ್ಟರ ಕೈಯಲ್ಲಿ ಬಿಟ್ಟರೆ ಇದೇ ಕೆಲಸ ಸುಲಭ. ಕೆಲವು ದಿನ ನಡುಕ ತಡೆಯುವ ಗುಳಿಗೆ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ. ಜೊತೆಗೆ ಬಿ1 ವಿಟಮಿನ್, ಅಂದರೆ ಥಯಾಮಿನ್, ಕೊಡುತ್ತಾರೆ. ಆಮೇಲೆ ಕುಡಿಯುವ ಆಸೆಯನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಗುಳಿಗೆಗಳೂ ಇವೆ.

ಪ್ರಶ್ನೆ: ಮಠದಲ್ಲಿ ಆಣೆ ಮಾಡಿ ಬಿಟ್ಟರೆ? ಶಿಬಿರಕ್ಕೆ ಹೋದರೆ?

ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ದುಡ್ಡು ಬೇಡ, ನಿಮ್ಮ ಚಟ ಹಾಕಿ ಎಂದು ಕೇಳಿದವರು. ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ನಾಲ್ಕು ಮಂದಿಯ ಎದುರು ಕೊಟ್ಟ ಮಾತಿಗೆ ನಮ್ಮ ಕಡೆ ತೂಕ ಇದೆ. ಔಷಧ ಮಾರುವವನಾದ ನಾನೂ ಅದನ್ನು ಹಗುರವಾಗಿ ನೋಡುವುದಿಲ್ಲ.

ಆದರೆ ಜೋಳಿಗೆಗೆ ಕುಡಿತ ಹಾಕಿ, ಗುಳಿಗೆ ಹಾಕಬೇಡಿ. "ಎಲ್ಲಾ ಚಟ ಬಿಟ್ಟೆ" ಅಂತ ಖಿನ್ನತೆಯ ಗುಳಿಗೆಯನ್ನೂ ಎಸೆಯುವವರಿದ್ದಾರೆ. ಅದು ಚಟ ಹಿಡಿಸುವ ಗುಳಿಗೆ ಅಲ್ಲ. ಬಿಪಿ ಗುಳಿಗೆಯಷ್ಟೇ ಸಾದಾ ಔಷಧ, ಬಿಡುವಾಗ ಮಾತ್ರ ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಮದ್ಯವರ್ಜನ ಶಿಬಿರಕ್ಕೆ ಹೋಗುವುದಾದರೆ ಚೀಟಿ, ಗುಳಿಗೆ ಎರಡನ್ನೂ ಒಯ್ದು ಅಲ್ಲಿನವರಿಗೆ ಮೊದಲ ದಿನವೇ ತೋರಿಸಿ.

ಪ್ರಶ್ನೆ: ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಹಾಕುವ, ಕುಡಿತ ಬಿಡಿಸುವ ಗುಳಿಗೆ ಕೊಡ್ತೀರಾ?

ಇದನ್ನು ಕೇಳುವವರು ಹೆಚ್ಚಾಗಿ ಹೆಂಡತಿ ಇಲ್ಲವೇ ತಾಯಿ. ಒಬ್ಬ ಅಕ್ಕ ಸೆರಗಿನ ಗಂಟಿನಿಂದ ಮಡಚಿದ ನೋಟು ತೆಗೆದು ಕೌಂಟರಿನ ಮೇಲಿಟ್ಟು, "ಅಣ್ಣಾ, ಪಲ್ಯಾದಾಗ ಕಲಸಿ ಹಾಕ್ತೀನಿ, ಪುಣ್ಯ ಬರ್ತದ, ಕೊಡು" ಎಂದು ಕೇಳಿದರು. ಇಲ್ಲ ಅನ್ನಲು ನಾಲಗೆ ಏಳಲ್ಲ. ಆದರೂ ಇಲ್ಲ ಎಂದೆ.

ಕಾರಣ ಇದು. ಆ ಗುಳಿಗೆಯ ಹೆಸರು ಡೈಸಲ್ಫಿರಾಮ್. ಅದು ಕುಡಿಯುವ ಆಸೆ ಕಡಿಮೆ ಮಾಡುವುದಿಲ್ಲ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿ, ಎದೆಬಡಿತ, ಬಿಪಿ ಕುಸಿತ ಆಗುತ್ತದೆ. ಜಾಸ್ತಿ ಕುಡಿದರೆ, ಹೃದಯ ದುರ್ಬಲವಿದ್ದರೆ ಸಾಯಲೂಬಹುದು. ಕೊನೆಯ ಗುಳಿಗೆ ನುಂಗಿ ಎರಡು ವಾರದವರೆಗೂ ಇದು ಆಗಬಹುದು. ರೋಗಿಗೆ ಎಲ್ಲಾ ವಿವರಿಸಿ, ಒಪ್ಪಿಗೆ ಪಡೆದು, ಕುಡಿದು ಕನಿಷ್ಠ 12 ತಾಸು ಕಳೆದ ಮೇಲೆಯೇ ಶುರುಮಾಡುವ ಔಷಧ ಅದು. ತನಗೆ ಏನು ಹಾಕಿದ್ದಾರೆ ಎಂದೇ ತಿಳಿಯದವನು ಕ್ವಾರ್ಟರ್ ಕುಡಿದರೆ ಗತಿ ಏನು? ಖಿನ್ನತೆಯ ಗುಳಿಗೆ ನುಂಗುವವರಿಗೆ ಇನ್ನೂ ಎಚ್ಚರ ಬೇಕು. ಡೈಸಲ್ಫಿರಾಮ್ ತಾನೇ ಕೆಲವರ ಮನಸ್ಸನ್ನು ಕೆಡಿಸುತ್ತದೆ. ಹೆಸರಿಲ್ಲದ "ಪುಡಿ" ಮಾರುವವರ ಪೊಟ್ಟಣದಲ್ಲಿ ಏನಿರುತ್ತದೋ ದೇವರೇ ಬಲ್ಲ.

ಆ ಅಕ್ಕನಿಗೆ ಕೊಟ್ಟದ್ದು 14446 ಎಂಬ ನಂಬರು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ, ಉಚಿತ. ಮನೆಯವರೂ ಮಾಡಿ ಮಾತಾಡಬಹುದು.

ಪ್ರಶ್ನೆ: ಡಾಕ್ಟರಿಗೆ ಹೇಳಿದರೆ ಬೈತಾರೆ. ಊರಿಗೆಲ್ಲಾ ಗೊತ್ತಾಗುತ್ತೆ.

ಬೈಯುವ ಡಾಕ್ಟರುಗಳು ಇದ್ದಾರೆ, ಸುಳ್ಳು ಯಾಕೆ ಹೇಳಲಿ. ಮನೋರೋಗ ತಜ್ಞರು ಮಾತ್ರ ಈ ಮಾತನ್ನು ದಿನಾ ಕೇಳಿದವರು. ನೀವು ಹೇಳುವುದು ಹೊಸದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿಚಾರ ಗುಟ್ಟಾಗಿರಬೇಕು ಎಂದೇ ಹೇಳುತ್ತದೆ. "ಸ್ವಲ್ಪ" ಅನ್ನಬೇಡಿ. ನಮ್ಮಲ್ಲಿ ಸ್ವಲ್ಪ ಅಂದರೆ ಅರ್ಧ ಪೆಗ್ಗೂ ಹೌದು, ಅರ್ಧ ಬಾಟಲಿಯೂ ಹೌದು. ವಾರಕ್ಕೆ ಎಷ್ಟು ದಿನ, ಒಂದು ಸಲಕ್ಕೆ ಎಷ್ಟು ನೈಂಟಿ, ಕೊನೆಗೆ ಕುಡಿದದ್ದು ಎಂದು, ಈ ಮೂರು ಹೇಳಿದರೆ ಸಾಕು. ಜೊತೆಗೆ ಬಂದವರ ಮುಂದೆ ಹೇಳಲು ಕಷ್ಟವಾದರೆ "ಡಾಕ್ಟ್ರ, ಒಂದ್ನಿಮಿಷ ನಿಮ್ಮ ಒಬ್ಬರ ಜೊತಿ ಮಾತಾಡಬೇಕು" ಅನ್ನಿ. ಯಾರನ್ನಾದರೂ ಹೊರಗೆ ಕಳಿಸುವುದು ಅವರಿಗೆ ದಿನದ ಕೆಲಸ.

ಪ್ರಶ್ನೆ: ಕುಡಿದ ಮರುದಿನ ಟ್ರ್ಯಾಕ್ಟರ್ ಓಡಿಸಬಹುದಾ?

ಲಿವರ್ ಒಂದು ಅಳತೆಯನ್ನು ಕರಗಿಸಲು ಒಂದು ತಾಸಿಗಿಂತ ಸ್ವಲ್ಪ ಜಾಸ್ತಿಯೇ ತಗೊಳ್ಳುತ್ತದೆ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದವರ ರಕ್ತದಲ್ಲಿ ಮುಂಜಾನೆ ಐದಕ್ಕೂ ಎಣ್ಣೆ ಉಳಿದಿರುತ್ತದೆ. ನಿಂಬೆ ನೀರು, ಮಜ್ಜಿಗೆ, ಬ್ಲ್ಯಾಕ್ ಕಾಫಿ, ತಣ್ಣೀರ ಸ್ನಾನ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ನಮ್ಮ ಇಂಡಿ ತಾಲ್ಲೂಕಿನ ನಿಂಬೆಯೇ ಆದರೂ ಅಷ್ಟೇ!

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಯಲ್ಲಿ ರಾತ್ರಿಯಿಡೀ ಎರಡೆರಡು ಟ್ರೇಲರ್ ಎಳೆಯುವವರಿಗೆ, ಬನಹಟ್ಟಿಯ ಪವರ್‌ಲೂಮಿನ ಮುಂದೆ ನಿಲ್ಲುವವರಿಗೆ, ಗುಳಿಗೆಯ ಮಂಪರು ಒಂದೇ ಸಾಕು ಕೈ ತಪ್ಪಲು. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಗುಳಿಗೆ ಸೇರಿದಾಗ ಆ ಮಿತಿಯ ಒಳಗಿದ್ದರೂ ನೀವು ಓಡಿಸುವ ಸ್ಥಿತಿಯಲ್ಲಿ ಇಲ್ಲದಿರಬಹುದು.

ಪ್ರಶ್ನೆ: ಗುಳಿಗೆ ನುಂಗಿ ಆಗಲೇ ಕುಡಿದಾಗಿದೆ. ಈಗೇನು?

ಗಾಬರಿ ಬೇಡ. ಇಲ್ಲಿಗೆ ನಿಲ್ಲಿಸಿ. ಏನಾದರೂ ಉಣ್ಣಿ, ನೀರು ಕುಡಿಯಿರಿ, ಗಾಡಿಯ ಕೀಲಿ ಬೇರೆಯವರ ಕೈಗೆ ಕೊಡಿ. ಇನ್ನೊಂದು ಗುಳಿಗೆ ನುಂಗಬೇಡಿ, ವಾಂತಿ ಮಾಡಿಸಿಕೊಳ್ಳಬೇಡಿ. ಒಬ್ಬರೇ ಮಲಗಬೇಡಿ. ನಾಳೆ ಗುಳಿಗೆಯನ್ನು ಮಾಮೂಲಿ ಹೊತ್ತಿಗೆ ತಗೊಳ್ಳಿ.

ಜೊತೆಗಿರುವವರಿಗೆ ಒಂದು ಮಾತು. ಮಲಗಿದವರನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಅಂಗಾತ ಬೇಡ. ಜೋರಾಗಿ ಕರೆದು ಅಲುಗಾಡಿಸಿದರೂ ಏಳದಿದ್ದರೆ, ಉಸಿರು ಬಿಟ್ಟುಬಿಟ್ಟು ಬರುತ್ತಿದ್ದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಗುಳಿಗೆಯ ಸ್ಟ್ರಿಪ್ ಜೊತೆಗೇ ಒಯ್ಯಿರಿ. "ನಿಶಾ ಇಳೀಲಿ, ತಾನ ಏಳ್ತಾನ" ಎಂದು ಬಿಡಬೇಡಿ.

ಪ್ರಶ್ನೆ: ಕುಡಿದಾಗ ಸಾಯಬೇಕು ಅನಿಸುತ್ತೆ. ಮುಂಜಾನೆ ಸರಿಹೋಗುತ್ತೆ. ಹೇಳಬೇಕಾ?

ಹೇಳಲೇಬೇಕು. ಮುಂಜಾನೆ ಸರಿಹೋಗುತ್ತದೆ ಅನ್ನುವುದು ಸಮಾಧಾನದ ಮಾತಲ್ಲ. ಎಣ್ಣೆ ಹಿಡಿತ ಸಡಿಲ ಮಾಡುತ್ತದೆ. ಹಗಲಲ್ಲಿ ಬರೀ ವಿಚಾರವಾಗಿ ಉಳಿಯುವುದು ರಾತ್ರಿ ಕೈಗೆ ಇಳಿಯಬಹುದು. ಗುಳಿಗೆ ಶುರುವಾದ ಮೊದಲ ವಾರಗಳಲ್ಲಿ, ಅದರಲ್ಲೂ 25 ವರ್ಷದೊಳಗಿನವರಲ್ಲಿ, ಇಂಥ ವಿಚಾರ ಜಾಸ್ತಿಯಾದರೆ ತಕ್ಷಣ ಡಾಕ್ಟರಿಗೆ ತಿಳಿಸಬೇಕು.

ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕುಡಿದಿದ್ದರೂ ಮಾಡಿ. ಈಗಲೇ ಜೀವಕ್ಕೆ ಅಪಾಯ ಅನಿಸಿದರೆ 112.

ಮನೆಯವರೇ, ಹೊಲಕ್ಕೆ ಹೊಡೆಯುವ ಔಷಧವನ್ನು ಮನೆಯಲ್ಲಿ ಇಡಬೇಡಿ. ಬೇರೆಯವರ ಹತ್ತಿರ ಕೀಲಿ ಹಾಕಿಸಿಡಿ. ಗುಳಿಗೆಯನ್ನೂ ವಾರಕ್ಕಾಗುವಷ್ಟೇ ಕೈಗೆ ಕೊಡಿ. ಡಾಕ್ಟರ್ ಒಂದು ತಿಂಗಳಿಗೆ ಬರೆದಿದ್ದರೂ ನಮ್ಮ ಹತ್ತಿರ ಸ್ವಲ್ಪ ಸ್ವಲ್ಪವೇ ಒಯ್ಯಬಹುದು.

ಪ್ರಶ್ನೆ: ಈಗ ಆರಾಮ ಇದ್ದೇನೆ. ಗುಳಿಗೆ ಬಿಟ್ಟು ಕುಡಿಯಬಹುದಾ?

ಆರಾಮ ಆದಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಗುಳಿಗೆ ಮುಂದುವರಿಸುತ್ತಾರೆ. ಖಿನ್ನತೆ ಮತ್ತೆ ಮತ್ತೆ ಬಂದವರಿಗೆ ಇನ್ನೂ ಜಾಸ್ತಿ ದಿನ. ಗುಳಿಗೆ ಪೂರ್ತಿ ಮುಗಿದ ಮೇಲೆ ಅದರ ಜೊತೆ ತಿಕ್ಕಾಟ ಇರಲ್ಲ, ಸರಿ. ಎಣ್ಣೆ ಖಿನ್ನತೆಯನ್ನು ವಾಪಸ್ ಕರೆತರುವುದಕ್ಕೆ ಗುಳಿಗೆ ಇರಲೇಬೇಕೆಂದೇನಿಲ್ಲ.

ಪ್ರಶ್ನೆ: ಎಲ್ಲಿ ತೋರಿಸಬೇಕು?

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ದೊಡ್ಡ ತೊಂದರೆಯಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ತಾಲ್ಲೂಕು ಆಸ್ಪತ್ರೆಗೆ ತಜ್ಞರು ಯಾವ ದಿನ ಬರುತ್ತಾರೆ ಎಂದು ಅಲ್ಲೇ ವಿಚಾರಿಸಿ. ಹೋಗುವಾಗ ಈಗ ನುಂಗುವ ಎಲ್ಲಾ ಗುಳಿಗೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಪ್ರಶ್ನೆ: ಕೆಮ್ಮಿನ ಸಿರಪ್, ಅರಿಷ್ಟದಲ್ಲೂ ಆಲ್ಕೋಹಾಲ್ ಇರುತ್ತಂತೆ?

ಕೆಲವು ಕೆಮ್ಮಿನ ಸಿರಪ್ಪಿನಲ್ಲಿ ಇರುತ್ತದೆ. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟದಂಥ ಆಸವ, ಅರಿಷ್ಟಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಬಾಟಲಿಯ ಮೇಲೇ ಬರೆದಿರುತ್ತಾರೆ. ಖಿನ್ನತೆಯ ಗುಳಿಗೆಯ ಜೊತೆ ಒಂದೆರಡು ಚಮಚೆಯಿಂದ ದೊಡ್ಡ ತೊಂದರೆ ಆಗುವ ಸಂಭವ ಕಡಿಮೆ. ಡೈಸಲ್ಫಿರಾಮ್ ತಗೊಳ್ಳುವವರಿಗೆ ಮಾತ್ರ ಅಷ್ಟೂ ಬೇಡ. ಕೆಮ್ಮಿನ ಸಿರಪ್ ಕೇಳುವಾಗ ಇನ್ನೊಂದು ಮಾತು ಸೇರಿಸಿ. ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಸಿರಪ್ಪು ಖಿನ್ನತೆಯ ಗುಳಿಗೆಗಳ ಜೊತೆ ಸರಿಹೊಂದುವುದಿಲ್ಲ. ಯಾವ ಗುಳಿಗೆ ನುಂಗುತ್ತಿದ್ದೀರಿ ಎಂದು ಹೇಳಿದರೆ ಬೇರೆ ಸಿರಪ್ ಹುಡುಕಿ ಕೊಡುತ್ತೇವೆ.